ತೆಗೆಯದ ಹಣಕ್ಕೆ ಶುಲ್ಕ ಕಟ್ಟಿದವರು

ನಮ್ಮ ಹಣಕಾಸಿನ ಮುಖ್ಯಸ್ಥರು ಕರಾರುಪತ್ರಗಳನ್ನು ಬಾಯಿಬಿಟ್ಟು ಓದುತ್ತಿದ್ದರು. ಮುಂಬೈ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿದ್ದ ನಮ್ಮ ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಅಕೌಂಟ್ಸ್ ಕೋಣೆಯ ಕಿಟಕಿಗೆ ಮುಖ ಮಾಡಿ ನಿಂತು, ಬ್ಯಾಂಕಿನ ವಕೀಲರು ಬರೆದ ಉದ್ದುದ್ದ ಇಂಗ್ಲಿಷ್ ವಾಕ್ಯಗಳನ್ನು ಅಪ್ಪಟ ವಿಜಯಪುರದ ಉಚ್ಚಾರದಲ್ಲಿ, ಮಕ್ಕಳು ಪಾಠ ಒಪ್ಪಿಸುವಷ್ಟು ಗಟ್ಟಿಯಾಗಿ ಓದುವುದು. ಆಗಷ್ಟೇ ಸೇರಿದ್ದ ನನಗೆ ನಗು ತಡೆಯಲಾಗಲಿಲ್ಲ. ಅವರು ಓದುವುದನ್ನು ನಿಲ್ಲಿಸಿ, ಬೇಸರಿಸಿಕೊಳ್ಳದೆ ಹೇಳಿದರು: "ಕಣ್ಣು ಜಿಗಿತೈತಿ ತಂಗಿ. ನಾಲಿಗಿ ಜಿಗಿಯೂದಿಲ್ಲ."

ಹೋದ ತಿಂಗಳು ಅವರು ತೀರಿಕೊಂಡರು. ನಿವೃತ್ತಿಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಸುದ್ದಿ ಬಂದಾಗ ನಾನು ನವಿ ಮುಂಬೈಯ ನೆರೂಳದ ಮನೆಯಲ್ಲಿ ಮಗನ ಟಿಫನ್ ಡಬ್ಬಿ ಕಟ್ಟುತ್ತಿದ್ದೆ. ಫೋನಿಟ್ಟ ಮೇಲೆ ಬಹಳ ಹೊತ್ತು ನನಗೆ ನೆನಪಾಗುತ್ತಿದ್ದದ್ದು ಅವರ ಮುಖವಲ್ಲ, ಅವರ ದನಿ ತಗ್ಗುತ್ತಿದ್ದ ರೀತಿ. ಬೇರೆಯವರಿಗೆ ಸಿಟ್ಟು ಬಂದರೆ ದನಿ ಏರುತ್ತದೆ. ಅವರದು ಇಳಿಯುತ್ತಿತ್ತು. ಎದುರಿಗಿದ್ದವರು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಬೇಕಾಗುತ್ತಿತ್ತು, ಬಾಗಿದವರು ಅಷ್ಟರಲ್ಲೇ ಅರ್ಧ ಸೋತಿರುತ್ತಿದ್ದರು.

ಸುಲಭದ ಮನುಷ್ಯರೇನಲ್ಲ. ಹೊಗಳಿಕೆಯ ಮಾತು ಅವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಮೂರು ತಿಂಗಳಿಗೊಮ್ಮೆ ಬ್ಯಾಂಕಿಗೆ ವರದಿ ಕಳಿಸುವ ವಾರದಲ್ಲಿ ಯಾರಿಗೂ ರಜೆ ಇರಲಿಲ್ಲ. ಮೈಸೂರಿನಲ್ಲಿ ನನ್ನ ತಂಗಿಯ ಸೀಮಂತಕ್ಕೆ ನಾನು ಹೋಗದೇ ಉಳಿದದ್ದು ಅವರಿಂದ. ಅಳು ನುಂಗಿಕೊಂಡು ಕೂತವಳ ಮೇಜಿಗೆ ಮಧ್ಯಾಹ್ನ ಒಂದು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ ತಂದಿಟ್ಟರು. ಸಮಾಧಾನದ ಮಾತೇನೂ ಇಲ್ಲ. "ಉಣ್ಣು, ಆಮ್ಯಾಗ ಆ ಶೀಟ್ ಇನ್ನೊಮ್ಮೆ ನೋಡು, ಸ್ಟಾಕಿನ ಲೆಕ್ಕ ತಪ್ಪೈತಿ," ಅಷ್ಟೇ. ಆ ವರದಿಯಲ್ಲಿ ಆ ಸಲ ಕೆಟ್ಟ ಸುದ್ದಿಯಿತ್ತು. ದೊಡ್ಡ ಗಿರಾಕಿಯೊಬ್ಬ ದುಡ್ಡು ಕೊಡುವುದನ್ನು ತಡ ಮಾಡಿದ್ದ. ಬ್ಯಾಂಕಿನವರು ಕೇಳಿರಲಿಲ್ಲ, ಕೇಳುವ ಸಂಭವವೂ ಇರಲಿಲ್ಲ. ಅವರು ಅದನ್ನು ಮೊದಲ ಪುಟದಲ್ಲೇ ಬರೆಸಿದರು.

ಅವರ ಅಪ್ಪ ವಿಜಯಪುರದ ಕಡೆಯಿಂದ ಬಂದು ಥಾಣೆಯ ಗೋದಾಮುಗಳಲ್ಲಿ ಮೂಟೆ ಹೊತ್ತವರು. ಮನೆ ಎಂದರೆ ಖಾಡಿಯ, ಆ ಉಪ್ಪುನೀರಿನ ಕಾಲುವೆಯ ಆಚೆ, ಕಳವಾ ಎಂಬಲ್ಲಿ ಒಂದು ಖೋಲಿ, ಒಂದೇ ಕೋಣೆ. ಮಗ ಓದಿ, ಸಿಎ ಮಾಡಿ, ನಮ್ಮ ಕಂಪನಿಯ ಹಣಕಾಸಿನ ಮುಖ್ಯಸ್ಥನಾದ ಮೇಲೂ ಕಳವಾ ಬಿಡಲಿಲ್ಲ. ಆ ಖೋಲಿಗಳಿದ್ದ ಓಣಿಯ ತುದಿಯಲ್ಲೇ ಎದ್ದ ಕಟ್ಟಡದಲ್ಲಿ ಫ್ಲ್ಯಾಟ್ ಕೊಂಡರು. ನೆರೂಳದ ಕಡೆ ಬನ್ನಿ ಸರ್, ಗಾಳಿ ಬೆಳಕು ಚೆನ್ನಾಗಿದೆ ಎಂದು ನಾನು ಹೇಳಿದಾಗಲೆಲ್ಲ, ಅಲ್ಲಿ ಸೆಕ್ಟರ್ ನಂಬರು ನೆನಪಿಡೋದರಾಗ ಆಯುಷ್ಯ ಮುಗಿತೈತಿ ಎಂದು ಮಾತು ಹಾರಿಸುತ್ತಿದ್ದರು.

ನಮ್ಮದು ಬಟ್ಟೆಯ ಬಣ್ಣಕ್ಕೆ ಬೇಕಾದ ರಾಸಾಯನಿಕ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆ. ಮಾಲು ಕೊಂಡವರು ದುಡ್ಡು ಕೊಡುವುದು ತಿಂಗಳುಗಟ್ಟಲೆ ಆದ ಮೇಲೆ. ಸಂಬಳ, ಕರೆಂಟು, ಕಚ್ಚಾಮಾಲಿನ ಬಿಲ್ಲು ಮಾತ್ರ ಕಾಯುವುದಿಲ್ಲ. ನಡುವಿನ ಈ ಕಂದಕ ದಾಟಲು ಬ್ಯಾಂಕಿನ ಲಿಮಿಟ್ ಬೇಕು. ಅದರಲ್ಲಿ ಎರಡು ಬಗೆ ಎಂಬುದನ್ನು ನನಗೆ ಕಲಿಸಿದವರು ಅವರು. ಮೊದಲನೆಯದು ಸೋವಿ. ಇಷ್ಟರವರೆಗೆ ತೆಗೆದುಕೊಳ್ಳಿ ಎಂದು ಬ್ಯಾಂಕು ಹೇಳುತ್ತದೆ, ತೆಗೆದಷ್ಟಕ್ಕೆ ಬಡ್ಡಿ. ಆದರೆ ಕಾರಣ ಹೇಳದೆ ಯಾವತ್ತು ಬೇಕಾದರೂ ಲಿಮಿಟ್ಟನ್ನು ರದ್ದು ಮಾಡುವ ಹಕ್ಕು ಬ್ಯಾಂಕಿನದು. ಎರಡನೆಯದು ಕಮಿಟೆಡ್ ಲೈನ್. ಇಂತಿಷ್ಟು ವರ್ಷ, ಇಂತಿಷ್ಟು ಹಣ ಕೇಳಿದಾಗ ಕೊಡಲೇಬೇಕು ಎಂದು ಬ್ಯಾಂಕು ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತದೆ. ಅದಕ್ಕೆ ಸಹಿ ಮಾಡುವಾಗ ಒಂದು ಶುಲ್ಕ. ಆಮೇಲೆ, ನಾವು ಇನ್ನೂ ತೆಗೆಯದೆ ಬಿಟ್ಟ ಹಣದ ಮೇಲೆ ಮೂರು ತಿಂಗಳಿಗೊಮ್ಮೆ ಕಮಿಟ್‌ಮೆಂಟ್ ಚಾರ್ಜ್. ಹಣ ತೆಗೆದಂತೆಲ್ಲ ಈ ಶುಲ್ಕ ಇಳಿಯುತ್ತದೆ, ಅದರ ಜಾಗಕ್ಕೆ ಬಡ್ಡಿ ಬರುತ್ತದೆ. ಏನೂ ತೆಗೆಯದಿದ್ದರೆ ಪೂರ್ತಿ ಶುಲ್ಕ.

ಮುಟ್ಟದ ಹಣಕ್ಕೆ ಯಾಕೆ ಸರ್ ಕೊಡಬೇಕು ಎಂದು ನಾನೂ ಕೇಳಿದ್ದೆ.

"ನಿಮ್ಮ ಸೊಸೈಟಿಗೆ ನೀರಿನ ಟ್ಯಾಂಕರ್ ಬರ್ತೈತಲ್ಲ," ಎಂದರು. "ಒಬ್ಬಾವ ಫೋನ್ ಮಾಡಿದಾಗ ಬರ್ತಾನ, ಬಂದಷ್ಟಕ್ಕ ರೊಕ್ಕ. ಇನ್ನೊಬ್ಬಗ ತಿಂಗಳಾ ಕೊಟ್ಟಿರ್ತೀರಿ, ಮಳಿಗಾಲದಾಗೂ ಕೊಡ್ತೀರಿ. ಮೇ ತಿಂಗಳದಾಗ ಇಡೀ ಊರಿಗೆ ನೀರಿಲ್ಲ ಅಂದ್ರ, ಯಾರ ಟ್ಯಾಂಕರ್ ನಿಮ್ಮ ಗೇಟಿಗೆ ಬರ್ತೈತಿ?"

ಕಂಪನಿಯ ಮಾಲೀಕರನ್ನು ಎಲ್ಲರೂ ಸೇಠ್ ಎನ್ನುತ್ತಿದ್ದರು. ಹಿರಿಯ ಸೇಠ್ ಈ ವಾದವನ್ನು ಒಪ್ಪಿಯೂ ಒಪ್ಪದಂತೆ ಸಹಿ ಮಾಡುತ್ತಿದ್ದರು. ಹೊರಗೆ ಎಂಬಿಎ ಓದಿ ಬಂದ ಅವರ ಮಗ ಒಪ್ಪಲೇ ಇಲ್ಲ. ಮೂರು ತಿಂಗಳಿಗೊಮ್ಮೆ ಆ ಶುಲ್ಕ ಖಾತೆಯಿಂದ ಹೋದಾಗಲೆಲ್ಲ ಮೀಟಿಂಗಿನಲ್ಲಿ ಒಂದು ಚುಚ್ಚುಮಾತು ಇದ್ದದ್ದೇ. ನಮ್ಮ ಫೈನಾನ್ಸ್ ಸಾಹೇಬರು ವಾಸ ಮಾಡದ ಮನೆಗೆ ಬಾಡಿಗೆ ಕಟ್ಟುತ್ತಾರೆ ಎಂದು ಅವನು ಹಿಂದಿಯಲ್ಲಿ ಹೇಳುವುದು, ಉಳಿದವರು ನಗುವುದು. ಇವರು ಕನ್ನಡಕ ಒರೆಸಿಕೊಳ್ಳುವುದು. ಕಡೆಗೆ ಮಗ ಇನ್ನೊಂದು ಬ್ಯಾಂಕಿನಿಂದ ಸೋವಿ ಲಿಮಿಟ್ ತಂದ. ಯಾವ ಶುಲ್ಕವೂ ಇಲ್ಲ, ಬಡ್ಡಿಯೂ ಕಡಿಮೆ. ಬಳಸದ ಭಾಗವನ್ನು ನಾವೇ ರದ್ದು ಮಾಡಿಸಬಹುದೆಂಬ ಷರತ್ತು ಹಿಡಿದು ಕಮಿಟೆಡ್ ಲೈನನ್ನು ಅರ್ಧಕ್ಕೆ ಇಳಿಸಿಬಿಟ್ಟರು. ಪೂರ್ತಿ ತೆಗೆದುಹಾಕುವ ಮಾತೂ ಬಂದಿತ್ತು. ಅವತ್ತು ಇವರ ದನಿ ಎಷ್ಟು ತಗ್ಗಿತೆಂದರೆ ಹಿರಿಯ ಸೇಠ್ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳಬೇಕಾಯಿತು. ಅರ್ಧ ಉಳಿಯಿತು.

ಅದಾದ ಮರುವರ್ಷ ನಮ್ಮ ಗೋಡೆಯಾಚೆಯ ಕಾರ್ಖಾನೆಗೆ ಬೆಂಕಿ ಬಿತ್ತು.

ಬೆಳಗಿನ ಪಾಳಿ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ನಮ್ಮ ಕಿಟಕಿ ಗಾಜುಗಳು ಒಡೆದವು, ನಮ್ಮವರಿಗೆ ಯಾರಿಗೂ ಪೆಟ್ಟಾಗಲಿಲ್ಲ. ಸಂಜೆಗೆ ಬೆಂಕಿ ಆರಿತು. ಮರುದಿನ ಇಡೀ ಗಲ್ಲಿಯ ಕಾರ್ಖಾನೆಗಳನ್ನು ಸುರಕ್ಷತೆಯ ತಪಾಸಣೆ ಮುಗಿಯುವವರೆಗೆ ಮುಚ್ಚಬೇಕೆಂಬ ಸರ್ಕಾರಿ ಆದೇಶ ಬಂತು. ನಮ್ಮ ಗೇಟಿಗೂ ಅಂಟಿಸಿ ಹೋದರು. ಎಂಐಡಿಸಿಯಲ್ಲಿ ಗಾಳಿಯ ವಾಸನೆ ನೋಡಿಯೇ ಇವತ್ತು ಯಾರ ಪ್ಲಾಂಟು ನಡೆಯುತ್ತಿದೆ ಎಂದು ಹೇಳಬಹುದು. ಆ ದಿನ ಗಾಳಿಗೆ ಸುಟ್ಟ ವಾಸನೆ ಬಿಟ್ಟು ಬೇರೆ ಏನೂ ಇರಲಿಲ್ಲ. ಗೇಟಿನ ಹೊರಗೆ ಕಲಬುರಗಿ, ರಾಯಚೂರಿನ ಕಡೆಯ ನಮ್ಮ ಲೋಡಿಂಗ್ ಕೆಲಸಗಾರರು ಕೂತಿದ್ದರು. ಪಗಾರದ ದಿನ ಹತ್ತಿರ ಬಂದಿತ್ತು. ಅದು ತಪ್ಪಿದರೆ ಅವರು ಊರಿಗೆ ಹೊರಡುವರು, ಹೊರಟವರು ತಿರುಗಿ ಬರುವ ಖಾತ್ರಿಯಿಲ್ಲ.

ಆದೇಶ ಬಂದ ಎರಡನೇ ದಿನ ಸೋವಿ ಲಿಮಿಟ್ ಕೊಟ್ಟ ಬ್ಯಾಂಕಿನಿಂದ ನಾಲ್ಕು ಸಾಲಿನ ಇಮೇಲ್ ಬಂತು. ಲಿಮಿಟ್ ರದ್ದು. ತೆಗೆದಿರುವ ಹಣವನ್ನು ವಾರದ ಕೊನೆಯೊಳಗೆ ಹಿಂತಿರುಗಿಸಬೇಕು. ಕಾರಣ ಬರೆದಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ.

ಆ ಇಮೇಲನ್ನೂ ಅವರು ಬಾಯಿಬಿಟ್ಟು ಓದಿದರು. ಆಮೇಲೆ ನನ್ನನ್ನು ಕೂರಿಸಿ ಪರಿಸ್ಥಿತಿ ವಿವರಿಸಿದರು. ಈ ಬ್ಯಾಂಕಿಗೆ ವಾರದೊಳಗೆ ಕೊಡದಿದ್ದರೆ ನಾವು ಬಾಕಿದಾರರು. ಒಂದು ಕಡೆ ಬಾಕಿದಾರರಾದರೆ ಕಮಿಟೆಡ್ ಲೈನಿನ ಕರಾರಿನ ಪ್ರಕಾರ ಅಲ್ಲಿಯೂ ತಪ್ಪಿದ ಹಾಗೆ, ಆಗ ಆ ಬ್ಯಾಂಕಿಗೂ ಹಣ ಕೊಡುವ ಬಾಧ್ಯತೆಯಿಲ್ಲ. ಅಂದರೆ ಕಮಿಟೆಡ್ ಲೈನಿನ ಹಣ ಈ ವಾರದೊಳಗೆ ಬರಬೇಕು. ಬರದಿದ್ದರೆ ಮುಂದೆ ಬರುವುದೇ ಇಲ್ಲ.

ಹಣ ಕೇಳುವ ಪತ್ರಕ್ಕೆ ಎರಡು ಸಹಿ ಬೇಕು, ಒಂದು ಅವರದು, ಇನ್ನೊಂದು ನನ್ನದು. ಕಂಪನಿಯ ಸ್ಥಿತಿಯಲ್ಲಿ ಗಂಭೀರವಾದ ಬದಲಾವಣೆ ಏನೂ ಆಗಿಲ್ಲ, ಬ್ಯಾಂಕಿಗೆ ತಿಳಿಸಬೇಕಾದ್ದನ್ನೆಲ್ಲ ತಿಳಿಸಿದ್ದೇವೆ ಎಂಬ ಮಾತು ಆ ಪತ್ರದಲ್ಲೇ ಇರುತ್ತದೆ. ಸೇಠ್‌ನ ಮಗ ಇದನ್ನು ಹಿಡಿದುಕೊಂಡ. ಟಿವಿಯಲ್ಲಿ ಬಂದದ್ದು ಪಕ್ಕದ ಕಾರ್ಖಾನೆಯ ಹೆಸರು ಮಾತ್ರ, ನಮ್ಮದು ಮುಚ್ಚಿದೆ ಎಂದು ಕಮಿಟೆಡ್ ಲೈನ್ ಕೊಟ್ಟ ಥಾಣೆಯ ಬ್ಯಾಂಕಿಗೆ ಇನ್ನೂ ಗೊತ್ತಿಲ್ಲ. ಈಗಲೇ ಪತ್ರ ಕಳಿಸಿ, ಹಣ ಬರಲಿ, ಆಮೇಲೆ ತಿಳಿಸೋಣ ಎಂದ. ಒಂದೆರಡು ದಿನದ ಮಾತು ಎಂದ. ಅವನ ಕಣ್ಣು ಕೆಂಪಾಗಿತ್ತು. ಅವನೂ ನಿದ್ದೆ ಮಾಡಿರಲಿಲ್ಲ. ಹಿರಿಯ ಸೇಠ್ ಮೇಜಿನ ಮೇಲೆ ಅಂಗೈ ಊರಿ ಕೂತಿದ್ದರು. ಪತ್ರ ನನ್ನ ಮುಂದೆಯೇ ಇತ್ತು.

ಅವರು ಪತ್ರವನ್ನು ನನ್ನ ಮುಂದಿನಿಂದ ಎತ್ತಿ ತಮ್ಮ ಕಡೆ ಇಟ್ಟುಕೊಂಡರು. ಹಿಂದಿಯಲ್ಲಿ ಹಿರಿಯ ಸೇಠ್‌ಗೆ ಹೇಳಿದ್ದಿಷ್ಟು: ಸುಳ್ಳು ಹೇಳಿ ತಂದ ಹಣವನ್ನು ಅವರು ಬೇಡಿದ ಗಳಿಗೆಗೆ ಹಿಂದೆ ಕೊಡಬೇಕಾಗುತ್ತದೆ. ಇಷ್ಟು ವರ್ಷ ಶುಲ್ಕ ಕಟ್ಟಿ ಕೊಂಡ ಹಕ್ಕು ಆ ಒಂದು ಸುಳ್ಳಿನಿಂದ ಹೋಗುತ್ತದೆ. ಮೊದಲು ಆದೇಶದ ಪ್ರತಿ ಬ್ಯಾಂಕಿಗೆ ಹೋಗಲಿ, ಅದರ ಜೊತೆಗೇ ಹಣ ಕೇಳುವ ಪತ್ರ. ಬೇಡ ಅಂತಾದರೆ ಸಹಿಗೆ ಬೇರೆ ಜನರನ್ನು ನೋಡಿಕೊಳ್ಳಿ, ಈ ಹುಡುಗಿಯನ್ನೂ ಬಿಟ್ಟುಬಿಡಿ.

ತಿಳಿಸಿದ ಮೇಲೆ ಅವರು ಕೊಡದಿದ್ದರೆ ಎಂದು ಮಗ ಕೇಳಿದ.

ಕೊಡಲಿಕ್ಕಿಲ್ಲ, ಅದೂ ಆಗಬಹುದು ಎಂದರು. ಕೊನೆಗೆ ಹಿರಿಯ ಸೇಠ್ ಎದ್ದರು, ಬಾಗಿಲ ಹತ್ತಿರ ಹೋಗಿ, ಜಾವ್ ಎಂದರು, ಹೋಗಿ ಬನ್ನಿ ಎಂದು. ಮಗನ ಕಡೆ ನೋಡಲಿಲ್ಲ.

ಥಾಣೆಯ ಆ ಬ್ಯಾಂಕಿನಲ್ಲಿ ನಮ್ಮ ಖಾತೆ ನೋಡುತ್ತಿದ್ದವನು ಬೆಂಗಳೂರಿನವನು, ನನ್ನ ವಯಸ್ಸಿನವನು. ಕನ್ನಡದವರೆಂದು ನಮ್ಮನ್ನು ಕಂಡರೆ ಯಾವಾಗಲೂ ಕಾಫಿ ತರಿಸುತ್ತಿದ್ದ. ಅವತ್ತೂ ತರಿಸಿದ. ಆದೇಶದ ಪ್ರತಿ ಓದಿದ ಮೇಲೆ ಅವನ ಕಾಫಿ ಅಲ್ಲೇ ಉಳಿಯಿತು. ಮುಂಬೈನ ಹೆಡ್ ಆಫೀಸಿನ ಲೀಗಲ್‌ನವರನ್ನು ಕೇಳಬೇಕು ಎಂದ. ಮರುದಿನ ಹೋದಾಗ ವಿಮೆಯ ಕಾಗದ, ಗಿರಾಕಿಗಳ ಆರ್ಡರು, ತಪಾಸಣೆಗೆ ನಾವು ಮಾಡಿಕೊಂಡ ತಯಾರಿ ಕೇಳಿದ. ಕೊಟ್ಟೆವು. ಅದರ ಮರುದಿನ ಮತ್ತೆ ಕಾಯಿಸಿದರು. ವಾರ ಮುಗಿಯುತ್ತಾ ಬಂದಿತ್ತು.

ಕಾಯುತ್ತಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ, ಕೇಳದೆಯೇ ಅವರು ತಮ್ಮ ಮೊದಲ ನೌಕರಿಯ ಕತೆ ಹೇಳಿದರು. ಥಾಣೆಯ ಒಂದು ಎಂಜಿನಿಯರಿಂಗ್ ಕಂಪನಿ. ಲಾಭದಲ್ಲಿತ್ತು, ಕೈತುಂಬ ಆರ್ಡರಿತ್ತು. ಬ್ಯಾಂಕಿನವರು ತಮ್ಮದೇ ಏನೋ ತೊಂದರೆಗೆ ಒಂದು ದಿನ ಲಿಮಿಟ್ ನಿಲ್ಲಿಸಿದರು. ಅಂಥ ಹಕ್ಕು ಅವರಿಗಿತ್ತು, ಯಾರೂ ಅದನ್ನು ಓದಿರಲಿಲ್ಲ. ಕೆಲವೇ ತಿಂಗಳಲ್ಲಿ ಕಂಪನಿ ಮುಚ್ಚಿತು. ಕೆಲಸಗಾರರ ಮುಂದೆ ನಿಂತು ಹೇಳುವ ಕೆಲಸ ಕಿರಿಯನಾದ ಇವರಿಗೆ ಬಿತ್ತು. ಮುಂದಿನ ಸಾಲಿನಲ್ಲಿ ಕಳವಾದ ಅವರ ನೆರೆಮನೆಯವರೇ ಇದ್ದರಂತೆ. "ಯಾರೂ ಬೈಲಿಲ್ಲ ನೋಡು," ಎಂದರು. "ಬೈದಿದ್ರ ಚಲೋ ಇತ್ತು." ಅಷ್ಟು ಹೇಳಿ ಕೈಗಡಿಯಾರ ನೋಡಿಕೊಂಡರು.

ಒಳಗೆ ಕರೆದರು. ಬೆಂಗಳೂರಿನವನ ಜೊತೆ ಅವನ ಮೇಲಿನವರೂ ಕೂತಿದ್ದರು, ಫೋನಿನಲ್ಲಿ ಮುಂಬೈನ ವಕೀಲರು. ಬೆಂಗಳೂರಿನವನೇ ಮೆತ್ತಗೆ ಕನ್ನಡದಲ್ಲಿ ಶುರುಮಾಡಿದ. "ಸರ್, ಫ್ಯಾಕ್ಟರಿ ಕ್ಲೋಸ್ ಆಗಿದೆ. ಈಗ ಸಾಲ ಕೊಡಿ ಅಂದ್ರೆ ಮೇಲಿನವರಿಗೆ ಹೇಗೆ ಕನ್ವಿನ್ಸ್ ಮಾಡ್ಲಿ? ರೀಓಪನ್ ಆಗ್ಲಿ, ನಾನೇ ಮುಂದೆ ನಿಂತು ಮಾಡಿಸ್ಕೊಡ್ತೀನಿ."

ಅವರ ದನಿ ಇಳಿಯಿತು. ಅವನು ಬಾಗಿದ.

"ನಾವು ಸಾಲ ಕೇಳಾಕ ಬಂದಿಲ್ರಿ. ಸಾಲ ಕೇಳಿದ್ದು ಸಹಿ ಮಾಡೂ ದಿನಾ. ಅವತ್ತು ನೀವು ಹೂಂ ಅಂದ್ರಿ. ಆ ಹೂಂ ಅನ್ನೂ ಮಾತಿಗೆ ಇಷ್ಟು ವರ್ಷ ನಮ್ಮ ಕಡಿಂದ ರೊಕ್ಕ ತಗೊಂಡೀರಿ. ಈಗ ಬಂದದ್ದು ಆ ಮಾತು ತಗೊಂಡು ಹೋಗಾಕ."

ಆಮೇಲೆ ಇಂಗ್ಲಿಷಿಗೆ ತಿರುಗಿ, ಫೋನಿನ ಕಡೆ ಮುಖ ಮಾಡಿ, ಗಂಭೀರ ಬದಲಾವಣೆಯ ಕಲಮನ್ನು ನೆನಪಿನಿಂದಲೇ ಹೇಳಿದರು. ಮೂಲ ಕರಡಿನಲ್ಲಿ ಅದು ಬಹಳ ಅಗಲವಾಗಿತ್ತು, ಬ್ಯಾಂಕಿಗೆ ಗಂಭೀರ ಅನ್ನಿಸಿದ್ದೆಲ್ಲ ಗಂಭೀರ. ಸಹಿಗೆ ಮೊದಲು ಇವರು ಅದನ್ನು ಕಿರಿದು ಮಾಡಿಸಿದ್ದರು. ಸಾಲ ತೀರಿಸುವ ಶಕ್ತಿಗೇ ಕುಂದು ಬಂದರೆ ಮಾತ್ರ ಬ್ಯಾಂಕು ಹಿಂದೆ ಸರಿಯಬಹುದು ಎಂದು. ಅದಕ್ಕಾಗಿ ಬ್ಯಾಂಕು ಆರಂಭದ ಶುಲ್ಕ ಏರಿಸಿದಾಗ ಏರಿಸಿದಷ್ಟು ಕೊಟ್ಟಿದ್ದರು. ನಮ್ಮ ತಪ್ಪಿಲ್ಲ, ಆರ್ಡರುಗಳಿವೆ, ವಿಮೆಯಿದೆ, ಮುಚ್ಚಿರುವುದು ತಪಾಸಣೆಗೆ. ಶಕ್ತಿ ಎಲ್ಲಿ ಕುಂದಿದೆ ತೋರಿಸಿ ಎಂದರು.

ಬ್ಯಾಂಕಿನ ಮೇಲಿನವರು ಫೋನನ್ನು ತಮ್ಮ ಕಡೆ ಎಳೆದುಕೊಂಡರು. ಹೊರಗೆ ಕೂತಿರಿ ಎಂದರು. ಕೂತೆವು. ಅವರು ಕಾಲ ಮೇಲೆ ಕಾಲು ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎದುರಿನ ಗೋಡೆ ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ನಾನೋ ಮೇಲಿಂದ ಮೇಲೆ ಎದ್ದು ನೀರು ಕುಡಿದು ಬರುತ್ತಿದ್ದೆ. ಈ ಮನುಷ್ಯನಿಗೆ ನರಗಳೇ ಇಲ್ಲವೇನೋ ಅನ್ನಿಸಿತು.

ಮಧ್ಯಾಹ್ನ ಊಟದ ಹೊತ್ತಿಗೆ ಬೆಂಗಳೂರಿನವನು ತಾನೇ ಹೊರಗೆ ಬಂದ. ಹಣ ಸಂಜೆಯೊಳಗೆ ಖಾತೆಗೆ ಬರುತ್ತದೆ ಎಂದ. ಲಿಫ್ಟಿನವರೆಗೆ ಬಂದು, ಅವರು ಲಿಫ್ಟಿನೊಳಗೆ ಹೋದ ಮೇಲೆ ನನ್ನೊಬ್ಬಳಿಗೆ ಹೇಳಿದ. ವಕೀಲರು ನಮ್ಮ ಹಳೆಯ ವರದಿಗಳನ್ನೆಲ್ಲ ತೆಗೆಸಿ ನೋಡಿದರಂತೆ, ನಾವು ಮುಚ್ಚಿಟ್ಟದ್ದು ಏನಾದರೂ ಸಿಕ್ಕಿದರೆ ಅದರ ಮೇಲೆ ಇಲ್ಲ ಅನ್ನಬಹುದೆಂದು. ಏನೂ ಸಿಗಲಿಲ್ಲವಂತೆ.

ಇದ್ದದ್ದು ಅರ್ಧ ಲೈನ್. ಮೊದಲು ಆ ಇನ್ನೊಂದು ಬ್ಯಾಂಕಿನ ಬಾಕಿ ಹೋಯಿತು, ಆಮೇಲೆ ಪಗಾರ. ಕಚ್ಚಾಮಾಲಿನವರಿಗೆ ಉಳಿಯಲಿಲ್ಲ. ಅವರಲ್ಲಿ ಒಬ್ಬೊಬ್ಬರ ಹತ್ತಿರವೂ ಇವರೇ ಹೋಗಿ ಕೂತು ಗಡುವು ಕೇಳಿ ಬಂದರು. ಕೆಲವರು ಕೊಟ್ಟರು, ಒಬ್ಬರು ಅವಮಾನ ಮಾಡಿ ಕಳಿಸಿದರು. ಮಳೆ ಹಿಡಿಯುವ ಹೊತ್ತಿಗೆ ಗೇಟು ತೆರೆಯಿತು, ಕೆಲಸಗಾರರಲ್ಲಿ ಹೆಚ್ಚಿನವರು ಇದ್ದರು.

ಯಾರೂ ಅವರಿಗೆ ಹಾರ ಹಾಕಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಕಮಿಟ್‌ಮೆಂಟ್ ಚಾರ್ಜಿನ ಸಾಲು ಬಂದಾಗ ಯಾರೂ ನಗಲಿಲ್ಲ, ಅಷ್ಟೇ. ಒಂದು ವರ್ಷ ಹಾಗೆ ಕಳೆಯಿತು. ಸಾಲ ತೀರಿ ಲೈನಿನ ಹಣ ಮತ್ತೆ ಮುಟ್ಟದೆ ಉಳಿದು ಶುಲ್ಕ ಏರತೊಡಗಿದಾಗ ಮಗ ಮತ್ತೆ ಅದೇ ಪ್ರಶ್ನೆ ಕೇಳಿದ, ಇದು ಬೇಕಾ ಎಂದು. ಅವರು ಮೊದಲ ಸಲ ಕೇಳಿದವರಂತೆ ಮೊದಲಿನಿಂದ ವಿವರಿಸಿದರು. ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಅಷ್ಟೆಲ್ಲ ಆದ ಮೇಲೂ ಕೇಳುತ್ತಾನಲ್ಲ ಸರ್ ಎಂದೆ. "ಕೇಳಬೇಕು," ಎಂದರು. "ರೊಕ್ಕ ಅವರದು. ಹೇಳೂದು ನಮ್ಮ ಕೆಲಸ."

ಅವರು ತೀರಿಕೊಂಡ ಮೂರನೇ ದಿನ ಕಳವಾದ ಮನೆಗೆ ಹೋದೆ. ಹೆಂಡತಿ ಒಳಗೆ ನೆಂಟರ ನಡುವೆ ಕೂತಿದ್ದರು. ನನ್ನ ಜೊತೆ ಕೂತವಳು ಮಗಳು. ಈಗ ಥಾಣೆಯಲ್ಲಿ ಕೆಲಸ ಮಾಡುತ್ತಾಳೆ. ಇಲ್ಲೇ ಹುಟ್ಟಿದವಳು, ನಾನು ಕನ್ನಡದಲ್ಲಿ ಕೇಳಿದರೆ ಮರಾಠಿ, ಹಿಂದಿ ಬೆರೆಸಿ ಉತ್ತರ ಕೊಡುತ್ತಾಳೆ. ಅಪ್ಪ ಆಫೀಸಿನಲ್ಲಿ ನಿಜವಾಗಿ ಏನು ಮಾಡುತ್ತಿದ್ದರು, ಮನೆಯಲ್ಲಿ ಹೇಳುತ್ತಲೇ ಇರಲಿಲ್ಲ ಎಂದು ಕೇಳಿದಳು. ನಾನು ಬೆಂಕಿಯ ಆ ವಾರದ ಕತೆ ಹೇಳಿದೆ. ಥಾಣೆಯ ಬೆಂಚು, ಫೋನಿನ ವಕೀಲರು, ಅಲುಗದೆ ಕೂತಿದ್ದ ಅವರು.

ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆ ವಾರ ನನಗೂ ನೆನಪಿದೆ ಎಂದಳು. ಆಗ ಅವಳು ಕಾಲೇಜಿನಲ್ಲಿದ್ದಳು. ಬೆಂಕಿಯ ಮರುದಿನ ಬೆಳಿಗ್ಗೆ ಅವಳು ಕಳವಾ ಸ್ಟೇಷನ್ನಿಗೆ ಹೋದರೆ, ಬಹಳ ಹೊತ್ತು ಮೊದಲೇ ಮನೆ ಬಿಟ್ಟಿದ್ದ ಅಪ್ಪ ಪ್ಲಾಟ್‌ಫಾರ್ಮಿನ ಮೇಲೇ ನಿಂತಿದ್ದರಂತೆ. ಡೊಂಬಿವಲಿ ಕಡೆ ಹೋಗುವ ಗಾಡಿಗಳು ಆ ಹೊತ್ತಿಗೆ ಖಾಲಿ, ಜನವೆಲ್ಲ ಮುಂಬೈ ಕಡೆಯ ಗಾಡಿಗೆ. ಗಾಡಿ ಬಂದು ನಿಲ್ಲುತ್ತಿತ್ತು, ಇವರು ಬಾಗಿಲವರೆಗೆ ಹೋಗುವರು, ನಿಲ್ಲುವರು, ಗಾಡಿ ಹೊರಡುವುದು. ಮತ್ತೊಂದು ಬರುವುದು. ಅವಳು ಹತ್ತಿರ ಹೋದಾಗ ಕಾಲು ಮೇಲೇಳುತ್ತಿಲ್ಲ ಎಂದರಂತೆ. ಅವಳು ಕೈ ಹಿಡಿದು ಹತ್ತಿಸಿದಳು. ಕೈ ತಣ್ಣಗಿತ್ತು. ಡೊಂಬಿವಲಿವರೆಗೆ ಜೊತೆಗೆ ಹೋದಳು. ಆ ವಾರ ದಿನಾ ಅದೇ, ಥಾಣೆಗೆ ಹೋಗಬೇಕಾದ ದಿನಗಳಲ್ಲಿ ಥಾಣೆಯವರೆಗೆ. ಅಮ್ಮನಿಗೆ ಹೇಳಬೇಡ ಎಂದು ಕೇಳಿಕೊಂಡಿದ್ದರು, ಅವಳು ಇವತ್ತಿಗೂ ಹೇಳಿಲ್ಲ. ಇಳಿದ ಮೇಲೆ ಕೈ ಬಿಡಿಸಿಕೊಂಡು, ಅಂಗಿ ಸರಿಮಾಡಿಕೊಂಡು, "ನೀ ಹೋಗವಾ, ಇನ್ನ ನಾ ಹೋಗ್ತೀನಿ," ಎನ್ನುವರು. ಅವರು ಬ್ರಿಜ್ಜಿನ ಮೆಟ್ಟಿಲು ಹತ್ತಿ ಮರೆಯಾಗುವವರೆಗೆ ಅವಳು ನಿಂತು ನೋಡುತ್ತಿದ್ದಳು.

ಒಳಗಿನಿಂದ ಯಾರೋ ಅವಳನ್ನು ಕರೆದರು. ಎದ್ದವಳು ನಿಂತು, ಈ ಸಲ ಕನ್ನಡದಲ್ಲೇ, ಶಬ್ದ ಹುಡುಕುತ್ತಾ ಕೇಳಿದಳು.

"ಅಲ್ಲಿ, ಆಫೀಸಿನಾಗ... ಅಪ್ಪಗ ಅಂಜಿಕಿ ಆಗಿತ್ತು ಅಂತ ನಿಮಗ ಗೊತ್ತಾಗಿತ್ತಾ?"

ಇಲ್ಲ, ಯಾರಿಗೂ ಗೊತ್ತಾಗಲಿಲ್ಲ ಎಂದೆ.

ಅವಳ ಭುಜಗಳು ಸ್ವಲ್ಪ ಸಡಿಲಾದವು. "ಬರಂ ಝಾಲಂ," ಎಂದಳು, ಒಳ್ಳೆಯದಾಯಿತು ಎಂದು, ಮತ್ತು ಒಳಗೆ ಹೋದಳು.